ಎಡಗೈಯವಳ ವಾಚು, ಬಲಗೈಯ ಬಳೆ

ಹಳೇ ಪೇಪರಿನಲ್ಲಿ ಸುತ್ತಿ ತಂದಿದ್ದ ವಾಚನ್ನು ನನ್ನ ಗಾಜಿನ ಪೆಟ್ಟಿಗೆಯ ಮೇಲಿಟ್ಟು ಆ ಹುಡುಗ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ವಾಚು ತಂದವರು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಬಗ್ಗಿ, ನನ್ನ ತಲೆಗೆ ತಲೆ ತಾಗಿಸಿ, ಒಳಗೇನಿದೆ ಅಂತ ನೋಡುತ್ತಾರೆ. ಇವನು ಹಾವಿನ ಬುಟ್ಟಿ ಇಳಿಸಿದವನ ಹಾಗೆ ದೂರ ನಿಂತಿದ್ದ.

“ನನ್ನೆಂಡ್ತಿದು ಅಣ್ಣಾ. ದಿನಾ ಬೆಳಿಗ್ಗೆ ಏಳೂ ಹತ್ತಕ್ಕೆ ನಿಂತೋಗ್ತದೆ.”

“ಏಳೂ ಹತ್ತಕ್ಕೇನಾ? ಯಾಕೆ, ಅದರ ಡ್ಯೂಟಿ ಮುಗೀತದಾ?” ಅಂದೆ. ನನ್ನ ಬಾಯಿ ಹಾಗೇ. ಅವನು ನಗಲಿಲ್ಲ.

ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ಬಳೆ ಅಂಗಡಿಯ ಪಕ್ಕ, ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು ಅನ್ನುವಷ್ಟು ಜಾಗ ನನ್ನದು. ಈಗ ಬರುವುದೆಲ್ಲಾ ಸೆಲ್ ಹಾಕುವ ಕೆಲಸ, ಬೆಲ್ಟ್ ಬದಲಾಯಿಸುವ ಕೆಲಸ. ಪೇಪರ್ ಬಿಚ್ಚಿದರೆ ಕೀ ಕೊಡುವ ಹಳೇ ವಾಚು. ಬಿಳೀ ಡಯಲ್, ಕಪ್ಪು ಅಂಕಿ, ಮಧ್ಯದಲ್ಲಿ ಸೆಕೆಂಡ್ ಮುಳ್ಳು. ಪಕ್ಕದ ಗುಂಡಿಯನ್ನು, ಅಂದರೆ ಕೀಯನ್ನು, ಹೊರಕ್ಕೆ ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುತ್ತದೆ. ಒಳಕ್ಕೆ ಒತ್ತಿದರೆ ಹೊರಡುತ್ತದೆ. ಸೆಕೆಂಡಿನ ಲೆಕ್ಕದಲ್ಲಿ ಟೈಮ್ ಹೊಂದಿಸುವವರು ಇಂಥದ್ದನ್ನು ಕೊಳ್ಳುತ್ತಿದ್ದರು. ಕೇಳಿದರೆ, ಇದು ಹೆಂಡತಿಯ ಅಪ್ಪನದು, ಅವರು ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಕೆಲಸಗಾರರ ತೊಟ್ಟಿಲನ್ನು ಇಳಿಸಿ ಏರಿಸುವ ಯಂತ್ರ ನಡೆಸುತ್ತಿದ್ದರು, ಹೋದ ವರ್ಷ ತೀರಿಕೊಂಡರು ಅಂದ. ನನಗೆ ಖುಷಿಯೋ ಖುಷಿ. ಬಹಳ ದಿನದ ಮೇಲೆ ಕೈಗೆ ನಿಜವಾದ ಕೆಲಸ ಸಿಕ್ಕಿತ್ತು.

ಅಷ್ಟೊತ್ತಿಗೆ ವಾಚು ಚೆನ್ನಾಗಿಯೇ ಓಡುತ್ತಿತ್ತು. ನಿಂತಾಗ ಏನು ಮಾಡುತ್ತೀರಿ ಅಂದರೆ, “ಅವ್ಳು ಕೀ ಕೊಡ್ತಾಳೆ, ಓಡ್ತದೆ” ಅಂದ. ಸರಿ, ಕೊಳೆ ಕೂತಿದೆ ಅಂದುಕೊಂಡೆ. ಬಿಚ್ಚಿದೆ, ಒಂದೊಂದು ಚಕ್ರವನ್ನೂ ಪೆಟ್ರೋಲಿನಲ್ಲಿ ತೊಳೆದೆ, ಚಕ್ರಗಳು ಕೂರುವ ಕೆಂಪು ಕಲ್ಲುಗಳನ್ನು ಕಡ್ಡಿಯಿಂದ ಚುಚ್ಚಿ ಒರೆಸಿದೆ, ಸೂಜಿಮೊನೆಯಲ್ಲಿ ಎಣ್ಣೆ ಇಟ್ಟೆ. ಕೀಯ ಅಡಿಯ ಸಂದಿನಲ್ಲಿ ಹಸಿರು ಬಣ್ಣದ ಒಂದು ಪುಟ್ಟ ಚೂರು ಮಿನುಗಿತು, ಸಾಸಿವೆಗಿಂತಲೂ ಎಷ್ಟೋ ಸಣ್ಣದು. ಬ್ರಶ್ಶಿನಲ್ಲಿ ತಳ್ಳಿ ಉಫ್ ಅಂತ ಊದಿಬಿಟ್ಟೆ. ಈಗ ನೆನೆಸಿಕೊಂಡರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನ್ನಿಸುತ್ತದೆ.

ನನ್ನದೊಂದು ಪದ್ಧತಿ ಇದೆ. ರಿಪೇರಿ ಆದ ವಾಚನ್ನು ಎರಡು ದಿನ ನನ್ನ ಎಡಗೈಗೇ ಕಟ್ಟಿಕೊಂಡು ತಿರುಗುತ್ತೇನೆ. ಮೊಳೆಗೆ ನೇತುಹಾಕಿದ ವಾಚು ಸುಳ್ಳು ಹೇಳಬಹುದು, ಕೈಮೇಲಿನ ವಾಚು ಹೇಳುವುದಿಲ್ಲ ಅಂತ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಎರಡು ದಿನ ಅದು ನನ್ನ ಕೈಮೇಲೆ ಒಂದು ಚೂರೂ ತಪ್ಪದೆ ಓಡಿತು. ಏಳೂ ಹತ್ತಕ್ಕೂ ಓಡಿತು, ಏಳೂ ಹನ್ನೊಂದಕ್ಕೂ ಓಡಿತು. ಹೆಮ್ಮೆಯಿಂದ ಕೊಟ್ಟು ಕಳಿಸಿದೆ.

ಐದನೇ ದಿನ ಹುಡುಗ ವಾಪಸ್ ಬಂದ. “ಅದೇ ಕತೆ ಅಣ್ಣಾ.”

ಸ್ಪ್ರಿಂಗ್ ಸೋತಿದೆ ಅಂತ ತೀರ್ಮಾನಿಸಿದೆ. ಹಳೇ ಡಬ್ಬಿಗಳನ್ನೆಲ್ಲಾ ಕೆದಕಿ ಇದಕ್ಕೆ ಹೊಂದುವ ಸ್ಪ್ರಿಂಗ್ ಹುಡುಕಿ ಸುತ್ತಿ ಕೂರಿಸಿದೆ. ಕೀ ಒಳಗೆ ಕೂರುವ ಕಡೆಯೂ ನೋಡಿದೆ. ಎಳೆದರೆ ಟಕ್ ಅಂತ ಬರುತ್ತಿತ್ತು, ಒತ್ತಿದರೆ ಟಕ್ ಅಂತ ಹೋಗುತ್ತಿತ್ತು, ತಾನಾಗಿ ಬಿಡುವಂಥದ್ದಲ್ಲ. ಮತ್ತೆ ಎರಡು ದಿನ ನನ್ನ ಎಡಗೈ. ಮತ್ತೆ ಒಂದು ಸೆಕೆಂಡೂ ನಿಲ್ಲಲಿಲ್ಲ. ನಾಲ್ಕೇ ದಿನಕ್ಕೆ ಮತ್ತೆ ಅದೇ ಪೇಪರ್ ಪೊಟ್ಟಣ.

ಆಗ ಸರಿಯಾಗಿ ವಿಚಾರಿಸಿದೆ. ಎಷ್ಟು ದಿನದಿಂದ ಹೀಗೆ? ಒಂದು ತಿಂಗಳ ಮೇಲಾಯಿತು. ಭಾನುವಾರ ನಿಲ್ಲುತ್ತದಾ? “ಇಲ್ಲಣ್ಣಾ, ಭಾನುವಾರ ನಿಲ್ಲಲ್ಲ.” ಭಾನುವಾರ ಅವಳು ಎಲ್ಲಿರುತ್ತಾಳೆ? ಊರಲ್ಲೇ, ಬೇತಮಂಗಲದ ಕಡೆಯ ಹಳ್ಳಿಯಲ್ಲಿ. ಮಿಕ್ಕ ದಿನ? ಅವನು ಬೈಕಿನಲ್ಲಿ ಬಂಗಾರಪೇಟೆ ಸ್ಟೇಷನ್ನಿಗೆ ತಂದು ಬಿಡುತ್ತಾನೆ, ಅವಳು ಏಳೂಕಾಲರ ರೈಲಿಗೆ ಮಾಲೂರಿನ ಫ್ಯಾಕ್ಟರಿಗೆ ಹೋಗುತ್ತಾಳೆ. ಪ್ಯಾಕಿಂಗ್ ಕೆಲಸ. ಗೇಟಿನಲ್ಲೇ ಫೋನ್ ತೆಗೆದುಕೊಳ್ಳುವುದರಿಂದ ವಾಚು ಬೇಕು.

“ಸಿಕ್ತಪ್ಪಾ!” ಅಂತ ತೊಡೆ ತಟ್ಟಿಕೊಂಡೆ. ಸ್ಟೇಷನ್ನು, ಕರೆಂಟಿನ ತಂತಿ, ಕರೆಂಟಿನ ರೈಲು. ವಾಚಿಗೆ ಅಯಸ್ಕಾಂತದ ಗುಣ ಹಿಡಿದಿದೆ! ಅದನ್ನು ಬಿಡಿಸುವ ಯಂತ್ರದ ಮೇಲೆ ಮೂರು ಸಲ ಇಟ್ಟು ತೆಗೆದೆ. ಮತ್ತೆ ಎರಡು ದಿನ ಎಡಗೈಗೆ ಕಟ್ಟಿ ನೋಡಿದೆ. ಈ ಸಲ ಕೊಡುವಾಗ ಎದೆ ತಟ್ಟಿ ಹೇಳಿದೆ, ಇನ್ನು ನಿಂತರೆ ಅಂಗಡಿ ಮುಚ್ಚುತ್ತೇನೆ ಅಂತ. ಹಾಗೆಲ್ಲಾ ಮಾತಾಡಬಾರದು.

ಮುಂದಿನ ಸೋಮವಾರ ಬಂದದ್ದು ಹುಡುಗನಲ್ಲ, ಅವನ ಅಮ್ಮ. ಹಣೆಯ ತುಂಬ ಕುಂಕುಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಗಟ್ಟಿ ಹೆಂಗಸು. ವಾಚನ್ನು ಪೆಟ್ಟಿಗೆಯ ಮೇಲಿಡಲಿಲ್ಲ, ಕೈಯಲ್ಲೇ ಹಿಡಿದಿದ್ದರು.

“ನಿನ್ ಮೇಲೆ ಬೇಜಾರಿಲ್ಲಪ್ಪಾ. ನಿನ್ ಕೆಲ್ಸ ನೀನು ಮಾಡ್ದೆ. ಇದು ರಿಪೇರಿ ಮಾತಲ್ಲ. ನನ್ ಸೊಸೆ ಅಪ್ಪ ಜೀವ ಬಿಟ್ಟಿದ್ದು ಬೆಳಿಗ್ಗೆ ಏಳೂ ಹತ್ತಕ್ಕೇ.”

ನಾನು ಚಿಮುಟ ಕೆಳಗಿಟ್ಟೆ.

“ಸೊಸೆಗೆ ಏಳ್ ತಿಂಗ್ಳು. ಬಳೆ ತೊಡ್ಸಿ ಸೀಮಂತ ಮಾಡಿದ್ ಮಾರ್ನೇ ದಿನದಿಂದ ಇದು ಶುರುವಾಯ್ತು. ಇದ್ಕೆ ಏನ್ ಅರ್ಥ ನೀನೇ ಯೋಚ್ನೆ ಮಾಡು. ಆ ಹುಡ್ಗಿ ರಾತ್ರಿ ನಿದ್ದೆ ಮಾಡ್ತಿಲ್ಲ, ಸರಿಯಾಗಿ ಉಣ್ತಿಲ್ಲ. ಶುಕ್ರವಾರ ಅಮಾವಾಸ್ಯೆ. ಅವತ್ತು ಬೇತಮಂಗಲದ ಕೆರೆಗೆ ಇದನ್ನ ಬಿಟ್ಟು, ಮಿಂದು ಬತ್ತೀನಿ.”

“ಅಮ್ಮಾ, ಕೆ.ಜಿ.ಎಫ್. ಪೂರಾ ಕುಡಿಯೋ ನೀರು ಅದು” ಅಂದೆ. ಸುಮ್ಮನಿರಲಾರದೆ ಇನ್ನೊಂದೂ ಸೇರಿಸಿದೆ: “ಭಾನುವಾರ ಯಾಕಮ್ಮಾ ನಿಲ್ಲಲ್ಲ? ಸತ್ತೋರಿಗೂ ರಜಾ ಇರ್ತದಾ?”

ಆ ತಾಯಿ ನನ್ನನ್ನು ನೋಡಿದ ನೋಟಕ್ಕೆ ನಾನು ತಲೆ ತಗ್ಗಿಸಿದೆ. ಇದುವರೆಗೆ ನಾನು ಒಂದು ಯಂತ್ರದ ಜೊತೆ ಜಗಳವಾಡುತ್ತಿದ್ದೆ. ಆ ಕಡೆ ಒಂದು ಮನೆ ಹೆದರಿ ಕೂತಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ತಪ್ಪಾಯಿತಮ್ಮಾ ಅಂದೆ. ಶುಕ್ರವಾರದವರೆಗೆ ಟೈಮ್ ಕೊಡಿ ಅಂದೆ. ಅವರು, “ಸುಕ್ರಾರದ ಗಂಟ. ಆಮೇಲೆ ನನ್ನ ತಡೀಬ್ಯಾಡ” ಅಂದು, ವಾಚನ್ನು ಮಾತ್ರ ಕೊಡದೆ ತಾವೇ ತೆಗೆದುಕೊಂಡು ಹೋದರು.

ವಾಚು ಕೈಯಲ್ಲಿಲ್ಲದ್ದೇ ಒಳ್ಳೆಯದಾಯಿತು. ಇದ್ದಿದ್ದರೆ ಮತ್ತೆ ಬಿಚ್ಚುತ್ತಿದ್ದೆ. ಖಾಲಿ ಕೂತು ಯೋಚಿಸಿದಾಗ ಒಂದು ಹೊಳೆಯಿತು: ಮೂರು ಸಲ ವಾಚನ್ನೇ ನೋಡಿದ್ದೇನೆ, ಅದನ್ನು ಕಟ್ಟಿಕೊಳ್ಳುವ ಕೈಯನ್ನು ಒಂದು ಸಲವೂ ನೋಡಿಲ್ಲ. ಹುಡುಗನಿಗೆ ಫೋನ್ ಮಾಡಿ ಹೇಳಿದೆ, ನಾಳೆ ಅವಳು ವಾಚು ಕಟ್ಟಿಕೊಂಡೇ ಬರಲಿ, ಅಮ್ಮನನ್ನು ಹೇಗಾದರೂ ಒಪ್ಪಿಸು, ನಾನು ಸ್ಟೇಷನ್ನಿಗೆ ಬರುತ್ತೇನೆ.

ಮಂಗಳವಾರ ಏಳು ಗಂಟೆಗೆ ಮುಂಚೆಯೇ ಪ್ಲಾಟ್‌ಫಾರ್ಮಿನಲ್ಲಿದ್ದೆ. ಗಂಡ ಹೆಂಡತಿ ಬಂದರು. ಹುಡುಗಿಯ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಎರಡೂ ಕೈಗೆ ಮುಂಗೈ ತುಂಬ ಹಸಿರು ಗಾಜಿನ ಬಳೆ. ನಾನು ಅವಳ ಎಡಗೈ ನೋಡಿದೆ. ಬಳೆ ಬಿಟ್ಟರೆ ಅಲ್ಲಿ ಏನೂ ಇಲ್ಲ.

“ವಾಚೆಲ್ಲಮ್ಮಾ? ಕಟ್ಕೊಂಡು ಬಾ ಅಂದಿದ್ನಲ್ಲಾ.”

ಅವಳು ಗಂಡನ ಮುಖ ನೋಡಿದಳು. ಆಮೇಲೆ ಸೆರಗಿನಡಿಯಿಂದ ಬಲಗೈಯನ್ನು ಮೆಲ್ಲಗೆ ಹೊರಗೆ ತೆಗೆದಳು. ವಾಚು ಅಲ್ಲಿತ್ತು.

“ಅವ್ಳು ಎಡಚಿ ಅಣ್ಣಾ” ಅಂದ ಹುಡುಗ, ನೆಲ ನೋಡುತ್ತಾ. “ಯಾರ ಮುಂದೂ ಅನ್ಬ್ಯಾಡ ಅಂತ ಅಮ್ಮ ಅಂದಿದ್ಲು.”

“ಇಸ್ಕೂಲಲ್ಲಿ ಪೀಚಾಂಗೈ, ಪೀಚಾಂಗೈ ಅಂತ ಆಡ್ಕೊಳ್ಳೋರು ಅಂಕಲ್” ಅಂದಳು ಅವಳು. ಕೆ.ಜಿ.ಎಫ್. ತಮಿಳಿನಲ್ಲಿ ಎಡಗೈಯವರನ್ನು ಹಂಗಿಸುವ ಮಾತು ಅದು. “ನಮ್ಮಪ್ಪಾನೂ ಅಂಗೇ. ಅವ್ರೂ ಬಲಗೈಗೇ ಕಟ್ತಿದ್ರು.”

“ಅಲ್ಲ ಕಣ್ಲಾ!” ಅಂತ ಹುಡುಗನ ಮೇಲೆ ಹರಿಹಾಯ್ದೆ. “ಮೂರು ವಾರದಿಂದ ನನ್ನ ತಲೆ ತಿಂತಿದೀಯ, ಈ ಒಂದು ಮಾತು ಹೇಳೋಕೆ ನಿಂಗೆ ಏನಾಗಿತ್ತು?” ಬೈದ ಮೇಲೆ ನನಗೇ ನಾಚಿಕೆಯಾಯಿತು. ಹೇಳದೆ ಇದ್ದದ್ದು ಅವನ ತಪ್ಪು ಸರಿ, ಕೇಳದೆ ಇದ್ದವನು ಯಾರು? ಲೋಕದವರೆಲ್ಲಾ ನನ್ನ ಹಾಗೆ ಎಡಗೈಗೇ ವಾಚು ಕಟ್ಟುತ್ತಾರೆ ಅಂತ ಗಟ್ಟಿಯಾಗಿ ನಂಬಿ, ಆರು ದಿನ ನನ್ನ ಎಡಗೈಯಲ್ಲಿ ಪರೀಕ್ಷೆ ಮಾಡಿದ ಮಹಾ ಬುದ್ಧಿವಂತ ನಾನು.

ಯಾಕೆಂದರೆ ಎಡಗೈಗೆ ಕಟ್ಟಿದರೆ ಕೀ ಬೆರಳುಗಳ ಕಡೆ ಇರುತ್ತದೆ. ಅದೇ ವಾಚನ್ನು ಬಲಗೈಗೆ ಕಟ್ಟಿದರೆ ಕೀ ಮೊಣಕೈ ಕಡೆ ತಿರುಗುತ್ತದೆ. ಅವಳ ಕೈಯಲ್ಲಿ ಮೊಣಕೈ ಕಡೆ ಏನಿತ್ತು? ಬಳೆ. ನಾನು ಊದಿ ಹಾರಿಸಿದ್ದ ಹಸಿರು ಚೂರು ಆಗ ನೆನಪಾಯಿತು. ಅವಳಿಗೆ ಏನೂ ಹೇಳಲಿಲ್ಲ. “ದಿನಾ ಏನು ಮಾಡ್ತೀಯೋ ಅದನ್ನೇ ಮಾಡಮ್ಮಾ” ಅಂತ ಪಕ್ಕದಲ್ಲಿ ನಿಂತೆ.

ಅವಳು ಎಡಗೈಯಲ್ಲಿ ಟೀ ಕುಡಿದಳು. ವಾಚು ಓಡುತ್ತಿತ್ತು. ಬ್ಯಾಗನ್ನು ಹೆಗಲಿಗೇರಿಸಿದಳು. ಓಡುತ್ತಿತ್ತು. ರೈಲು ಬರುತ್ತಿದೆ ಅಂತ ಮೈಕಿನಲ್ಲಿ ಕೂಗಿದರು, ಜನ ಎದ್ದು ಮುಂದಕ್ಕೆ ನುಗ್ಗಿದರು. ಅವಳು ಎಡಗೈಯಿಂದ ಬಲಗೈಯ ಬಳೆಗಳನ್ನೆಲ್ಲಾ ಒಟ್ಟಿಗೆ ಹಿಡಿದು ಸರಕ್ಕನೆ ಮೊಣಕೈಯತ್ತ ಮೇಲಕ್ಕೆ ತಳ್ಳಿ ಬಿಗಿ ಮಾಡಿಕೊಂಡಳು.

“ನಿಲ್ಲು! ಅದ್ಯಾಕೆ ಹಂಗೆ ಮಾಡ್ದೆ?”

“ರಶ್ಶಲ್ಲಿ ಒಡ್ದೋಗ್ಬಾರ್ದಲ್ಲಾ ಅಂಕಲ್. ಸೀಮಂತದ ಬಳೆ. ಹೆರಿಗೆ ಆಗೋಗಂಟ ತೆಗೀಬಾರ್ದು, ಒಡೀಬಾರ್ದು.”

ಅವಳ ಕೈ ಹಿಡಿದು ವಾಚು ತೋರಿಸಿದೆ. ಸೆಕೆಂಡ್ ಮುಳ್ಳು ನಿಂತಿತ್ತು. ವಾಚಿಗೆ ಅಂಟಿಕೊಂಡಿದ್ದ ಮೊದಲ ತೆಳು ಬಳೆ ಕೀಯ ಅಡಿಯ ಸಂದಿಗೆ ಸಿಕ್ಕಿ, ತಳ್ಳಿದ ರಭಸಕ್ಕೆ ಅದನ್ನು ಹೊರಕ್ಕೆ ಎಳೆದಿತ್ತು. ಗಂಟೆ ಏಳೂ ಒಂಬತ್ತು. ಬೆರಳಿನಿಂದ ಕೀ ಒತ್ತಿದೆ, ಟಕ್ ಅಂದಿತು, ಮುಳ್ಳು ಹೊರಟಿತು. ಇವಳು ದಿನಾ ಕೀ ಕೊಡಲು ಹೋಗಿ ಅದನ್ನು ಒಳಕ್ಕೆ ಒತ್ತುತ್ತಿದ್ದಳು, ಕೀ ಕೊಟ್ಟದ್ದರಿಂದ ಓಡಿತು ಅಂದುಕೊಳ್ಳುತ್ತಿದ್ದಳು. ಏಳೂಕಾಲಿಗೆ ರೈಲು ಇರುವವರೆಗೆ ಏಳೂ ಹತ್ತರ ಆಸುಪಾಸಿನಲ್ಲಿ ವಾಚು ನಿಲ್ಲಲೇಬೇಕು. ಅವಳಪ್ಪ ತೀರಿಕೊಂಡ ಹೊತ್ತೂ ಅದೇ ಆದದ್ದು ಬರೀ ಕಾಕತಾಳೀಯ.

ಅವಳು ಇನ್ನೊಂದು ಸಲ ತಾನೇ ತಳ್ಳಿ ನೋಡಿದಳು. ನಿಂತಿತು. ಒತ್ತಿದಳು, ಓಡಿತು. ಮುಖ ಮುಚ್ಚಿಕೊಂಡು ಅಲ್ಲೇ ಬೆಂಚಿನ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. “ಅಪ್ಪ ಬಂದು ಮಗೂನ ಕೇಳ್ತಾವ್ರೆ ಅಂದ್ಕೊಂಡಿದ್ದೆ ಅಂಕಲ್. ನಮ್ಮಪ್ಪ ಅಂಥೋರಲ್ಲ, ಅಂಥೋರಲ್ಲ ಅಂತ ದಿನಾ ನಂಗ್ ನಾನೇ ಯೋಳ್ಕೊತಿದ್ದೆ.” ಹುಡುಗ ಅವಳ ತಲೆ ಸವರುತ್ತಾ ತಾನೂ ಅಳುತ್ತಿದ್ದ. ನಾನು ಟೀ ಬಿಸಿ ಜಾಸ್ತಿಯಾಯಿತು ಅಂತ ಕಣ್ಣೊರೆಸಿಕೊಂಡು ಆ ಕಡೆ ತಿರುಗಿದೆ.

ಇನ್ನು ಅತ್ತೆಯನ್ನು ಒಪ್ಪಿಸಬೇಕಿತ್ತು. ಸಂಜೆ ಮೂವರೂ ಅಂಗಡಿಗೆ ಬಂದರು. ಮಾತಿನಲ್ಲಿ ಹೇಳಿದರೆ ಆಗುವುದಿಲ್ಲ ಅಂತ, ಆ ತಾಯಿಯ ಬಲಗೈಗೇ ವಾಚು ಕಟ್ಟಿ, ನಿಮ್ಮ ಬಳೆಗಳನ್ನು ಮೇಲಕ್ಕೆ ತಳ್ಳಿ ಅಂದೆ. ತಳ್ಳಿದರು. ವಾಚು ನಿಲ್ಲಲಿಲ್ಲ! ಮತ್ತೆ ತಳ್ಳಿದರು. ಇಲ್ಲ.

“ನೋಡ್ದಾ? ನನ್ ಕೈಲಿ ಯಾಕೆ ನಿಲ್ಲಲ್ಲ? ಅವ್ಳಪ್ಪಂಗೂ ನಂಗೂ ರಕ್ತಸಂಬಂಧ ಇಲ್ವಲ್ಲ, ಅದ್ಕೇ.”

ಪಕ್ಕದ ಬಳೆ ಅಂಗಡಿಯಾಕೆ ಇದನ್ನೆಲ್ಲಾ ಕತ್ತು ಚಾಚಿ ನೋಡುತ್ತಿದ್ದಳು. “ಅಯ್ಯ ನಿನ್ನ, ಅವು ದಪ್ಪ ಬಳೆ. ಸಂದೀಲಿ ಎಂಗೆ ಓಗ್ತವೆ? ಸೀಮಂತಕ್ಕೆ ಒಯ್ದಿದ್ದು ತೆಳ್ಳಂದು, ನನ್ನತ್ರಾನೇ ಒಯ್ದಿದ್ದು” ಅನ್ನುತ್ತಾ ನಾಲ್ಕು ಹಸಿರು ಬಳೆ ತಂದು ಆ ತಾಯಿಯ ಕೈಗೆ ಏರಿಸಿದಳು. ಈಗ ತಳ್ಳಿದರು. ವಾಚು ನಿಂತಿತು. ನಾನು ಒತ್ತಿದೆ, ಓಡಿತು. ಅವರು ತಾವೇ ತಳ್ಳಿದರು, ತಾವೇ ಒತ್ತಿದರು. ನಾಲ್ಕು ಸಲ, ಐದು ಸಲ. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತು, “ಅಪ್ಪಾ ದ್ಯಾವ್ರೇ” ಅಂತ ಒಂದು ಉದ್ದನೆಯ ಉಸಿರು ಬಿಟ್ಟರು. ಒಂದು ತಿಂಗಳಿಂದ ಎದೆಯಲ್ಲಿ ಹಿಡಿದಿಟ್ಟುಕೊಂಡ ಉಸಿರದು.

ಹೆದರಿಕೆ ಹೋಯಿತು, ಕೆಲಸ ಉಳಿಯಿತು. ಬಳೆ ತೆಗೆಯುವ ಹಾಗಿಲ್ಲ. ವಾಚನ್ನು ಎಡಗೈಗೆ ಕಟ್ಟಿದರೆ, ಅವಳು ದಿನವೆಲ್ಲಾ ರಟ್ಟಿನ ಡಬ್ಬ ಕೊಯ್ಯುವುದು ಆ ಕೈಯಲ್ಲೇ, ವಾರದೊಳಗೆ ಗಾಜು ಪುಡಿಯಾಗುತ್ತದೆ. ತಲೆಕೆಳಗಾಗಿ ಕಟ್ಟಿ ನೋಡಿದಳು. ಆರೂವರೆ ಯಾವುದು, ಹನ್ನೆರಡು ಯಾವುದು ಅಂತ ತಡಕಾಡಿ ನಕ್ಕುಬಿಟ್ಟಳು. ಉಳಿದದ್ದು ಒಂದೇ ದಾರಿ: ಒಳಗಿನ ಯಂತ್ರ ಇದ್ದ ಹಾಗೇ ಇಟ್ಟು ಡಯಲನ್ನು ಮಾತ್ರ ಅರ್ಧ ಸುತ್ತು ತಿರುಗಿಸುವುದು. ಆಗ ಕೀ ಮೂರರ ಕಡೆಯಿಂದ ಒಂಬತ್ತರ ಕಡೆಗೆ ಬರುತ್ತದೆ, ಬಲಗೈಗೆ ಕಟ್ಟಿದರೆ ಬೆರಳಿನ ಕಡೆ ಇರುತ್ತದೆ. ಆದರೆ ಡಯಲಿನ ಹಿಂದೆ ಎರಡು ಸಣ್ಣ ಕಾಲುಗಳಿರುತ್ತವೆ, ಅವು ಯಂತ್ರದ ತೂತಿನಲ್ಲಿ ಒಂದೇ ರೀತಿಯಲ್ಲಿ ಕೂರುತ್ತವೆ. ತಿರುಗಿಸಬೇಕಾದರೆ ಕಾಲು ಕತ್ತರಿಸಬೇಕು. ಕತ್ತರಿಸಿದರೆ ಮತ್ತೆ ಬರುವುದಿಲ್ಲ.

“ನಿಮ್ಮಪ್ಪನ ವಾಚಮ್ಮಾ. ಯೋಚ್ನೆ ಮಾಡಿ ಹೇಳು” ಅಂದೆ.

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ, “ನಿಂದು. ನೀನೇ ಯೋಳು” ಅಂದರು. “ಕತ್ತರ್ಸಿ ಅಂಕಲ್” ಅಂದಳು.

ಬುಧವಾರ ಬೆಳಿಗ್ಗೆ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ಮುಳ್ಳುಗಳನ್ನು ಕಿತ್ತೆ, ಡಯಲ್ ಬಿಡಿಸಿದೆ. ಕತ್ತರಿಯನ್ನು ಮೊದಲ ಕಾಲಿಗೆ ಹಿಡಿದು ಎರಡು ಸಲ ಹಿಂದೆ ತೆಗೆದೆ. ಮೂರನೇ ಸಲ ಒತ್ತಿದೆ. ಎರಡನ್ನೂ ಕತ್ತರಿಸಿ, ಬುಡವನ್ನು ಅರದಿಂದ ಸವರಿ ಮಟ್ಟ ಮಾಡಿದೆ. ಎರಡೂ ಮುಖಕ್ಕೆ ಅಂಟು ಇರುವ ತೆಳು ಬಿಲ್ಲೆಗಳನ್ನು ಇಟ್ಟು, ಕೀಯ ನೇರಕ್ಕೆ ಒಂಬತ್ತನ್ನು ತಂದು ಡಯಲ್ ಕೂರಿಸಿದೆ. ಮುಳ್ಳು ಹಾಕಿದರೆ ಆರು ಗಂಟೆಗೆ ಎರಡೂ ನೇರ ನಿಲ್ಲಬೇಕು. ನಿಲ್ಲಲಿಲ್ಲ, ಡಯಲ್ ಕೂದಲೆಳೆಯಷ್ಟು ವಾರೆಯಾಗಿತ್ತು. ಕಿತ್ತು ಮತ್ತೆ ಕೂರಿಸಿದೆ. ಮೂರನೇ ಸಲಕ್ಕೆ ಸರಿಯಾಯಿತು.

ಪರೀಕ್ಷೆ ಯಾವ ಕೈಯಲ್ಲಿ? ಈ ಸಲ ಬಲಗೈ. ಬರೀ ಬಲಗೈ ಸಾಲದು. ಬಳೆ ಅಂಗಡಿಯಾಕೆಯ ಹತ್ತಿರ ಹೋಗಿ ಕೈ ಚಾಚಿದೆ. ಅವಳು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು, ಇದ್ದುದರಲ್ಲಿ ದೊಡ್ಡ ಅಳತೆಯ ತೆಳು ಬಳೆ ಹುಡುಕಿ, ಸೋಪು ಹಚ್ಚಿ, ಮೂರು ಒಡೆದು, ಎಂಟು ಏರಿಸಿದಳು. ಬುಧವಾರ, ಗುರುವಾರ ಎರಡು ದಿನ ಹಾಗೇ ಅಂಗಡಿಯಲ್ಲಿ ಕೂತೆ. ಬಂದವರೆಲ್ಲಾ ನೋಡುವವರೇ. “ಏನಣ್ಣಾ, ಕೊನೆಗೂ ಬಳೆ ತೊಟ್ಕೊಂಡು ಕೂತ್ಕೊಂಡ್ಯಾ?” ಅಂತ ಒಬ್ಬ ಆಟೋದವನು ಕೇಳಿದ. “ಹೂ ಕಣಪ್ಪಾ, ಕೂತ್ಕೊಂಡೆ” ಅಂದೆ. ನೂರಾರು ಸಲ ಬಳೆ ತಳ್ಳಿದೆ, ಹಿಂದಕ್ಕೆ ಬಿಟ್ಟೆ, ಮತ್ತೆ ತಳ್ಳಿದೆ. ವಾಚು ತನ್ನ ಪಾಡಿಗೆ ತಾನು ಓಡಿತು. ಗುರುವಾರ ಸಂಜೆ ಹುಡುಗನ ಕೈಗೆ ಕೊಟ್ಟೆ. ಎದೆ ತಟ್ಟಿಕೊಳ್ಳಲಿಲ್ಲ, ಅಂಗಡಿ ಮುಚ್ಚುವ ಮಾತೂ ಆಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳು ದಾಟಿದ ಮೇಲೆ ಫೋನ್ ಬಂತು. ಆ ತಾಯಿ. ಹಿಂದೆ ಜನರ ಗದ್ದಲ, ಮೈಕಿನ ಕೂಗು.

“ಟೇಸನ್‌ನಾಗೆ ಇದೀನಪ್ಪಾ. ನಾನೂ ಬಂದೆ. ಮನೇಲಿ ಕೂತಿರಕ್ಕಾಗ್ಲಿಲ್ಲ. ರೈಲು ಬತ್ತಾ ಐತೆ. ಬಳೆ ತಳ್ಳಮ್ಮಾ… ಇನ್ನೂ ಜೋರಾಗಿ ತಳ್ಳು… ತಳ್ಳಿದ್ಲಪ್ಪಾ.”

ನಾನು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದೆ.

“ಏಳೂ ಹತ್ತು” ಅಂದರು. ರೈಲಿನ ಸದ್ದು ಹತ್ತಿರವಾಯಿತು. ಅಷ್ಟು ಉದ್ದದ ನಿಮಿಷವನ್ನು ನಾನು ಯಾವ ವಾಚಿನಲ್ಲೂ ಕಂಡಿಲ್ಲ.

“ಏಳೂ ಅನ್ನೊಂದು! ಓಡ್ತಾ ಐತಪ್ಪಾ! ಏಳೂ ಅನ್ನೊಂದಾಯ್ತು!” ಅವರು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತೆ. ಇಷ್ಟು ನೆಮ್ಮದಿ ನನಗೆ ಯಾವ ರಿಪೇರಿಯಲ್ಲೂ ಆಗಿರಲಿಲ್ಲ.

ರೈಲು ಹೊರಟ ಮೇಲೂ ಅವರು ಫೋನ್ ಇಡಲಿಲ್ಲ. “ಇನ್ನೊಂದ್ ಮಾತಪ್ಪಾ. ಆ ಕಾಲು ಕತ್ತರ್ಸಿದ್ದು ಮತ್ತೆ ಮೊದ್ಲಿನಂಗೆ ಮಾಡಕ್ಕಾಗಲ್ಲ ಅಂದ್ಯಲ್ಲ?”

“ಆಗಲ್ಲಮ್ಮಾ. ಇನ್ನು ಅದು ಎಡಗೈಯವರ ವಾಚೇ.”

“ಅಂಗೇ ಇರ್ಲಿ ಬಿಡು” ಅಂದರು. “ಬರೋ ಮಗೂಗೂ ಎಡಗೈಯಾದ್ರೆ ತಾತಂದು ರೆಡಿ ಐತೆ.”